ತಾಳ ಎಲ್ಲರದು, ಹೆಸರು ಯಾರದು?

ಕುವೆಂಪು ಅವರ ಕವಿತೆಯೊಂದು 2004ರಲ್ಲಿ ಅಧಿಕೃತವಾಗಿ ಕರ್ನಾಟಕದ ನಾಡಗೀತೆಯಾಯಿತು. ಗೀತೆ ಯಾವುದೆಂಬುದು ತೀರ್ಮಾನವಾಯಿತೇ ಹೊರತು ಅದನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ತಕರಾರು ಮುಗಿಯಲಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿ ಇರಲೆಂದು ಒಂದು ಪಕ್ಷ, ಸಿ. ಅಶ್ವಥ್ ಅವರ ಧಾಟಿ ಇರಲೆಂದು ಇನ್ನೊಂದು ಪಕ್ಷ. ಅನಂತಸ್ವಾಮಿಯವರು ಪೂರ್ತಿ ಗೀತೆಗೆ ಧಾಟಿ ಹಾಕಿಯೇ ಇರಲಿಲ್ಲ ಎಂಬ ವಾದವೂ ಎದ್ದಿತು. ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೇ ಒಪ್ಪಿ, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ ಪೂರ್ಣಪಾಠವನ್ನು 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು ಆದೇಶ ಹೊರಡಿಸಿತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದ ಅರ್ಜಿ 2024ರಲ್ಲಿ ವಜಾ ಆಯಿತು.

ಯಾವ ಧಾಟಿ ಮೇಲು ಎಂಬ ಜಗಳಕ್ಕೆ ನಾವು ಇಳಿಯುವುದಿಲ್ಲ. ಇಬ್ಬರೂ ದೊಡ್ಡವರು, ಇಬ್ಬರೂ ಈಗ ಇಲ್ಲ. ನಮ್ಮನ್ನು ಕಾಡಿದ್ದು ಬೇರೆ ಸಂಗತಿ. ಇಷ್ಟು ವರ್ಷ ನಡೆದ ಈ ಚರ್ಚೆಯಲ್ಲಿ ಜನಸಾಮಾನ್ಯರ ಬಾಯಲ್ಲಿ ಇದ್ದ ಮಾತುಗಳು ಮೂರೋ ನಾಲ್ಕೋ. ‘ಉದ್ದ ಆಯ್ತು’, ‘ಎಳೀತಾರೆ’, ‘ಸ್ಪೀಡು ಸಾಲದು’, ‘ನಿಂತು ನಿಂತು ಕಾಲು ನೋಯುತ್ತೆ’. ಒಂದು ಹಾಡು ಉದ್ದವಾಗುವುದು ಒಂದೇ ಕಾರಣಕ್ಕಲ್ಲ. ಪಲ್ಲವಿಯನ್ನು ಪ್ರತಿ ಚರಣದ ನಂತರ ಮತ್ತೆ ಹಾಡಿದರೆ ಉದ್ದವಾಗುತ್ತದೆ. ಅದು ಹಾಡಿನ ಕಟ್ಟಡಕ್ಕೆ ಸಂಬಂಧಿಸಿದ್ದು. ಲಯ ನಿಧಾನವಾದರೂ ಉದ್ದವಾಗುತ್ತದೆ. ಅದು ನಡಿಗೆಗೆ ಸಂಬಂಧಿಸಿದ್ದು. ಮಾತಿಲ್ಲದ ಆಲಾಪ ಹೆಚ್ಚಾದರೂ ಅಷ್ಟೇ. ಮೂರೂ ಬೇರೆ ಬೇರೆ ಕಾಯಿಲೆಗಳು, ಮೂರಕ್ಕೂ ಬೇರೆ ಬೇರೆ ಮದ್ದು. ಮರುಪಲ್ಲವಿ ಕೈಬಿಟ್ಟು ಲಯವನ್ನು ಹಾಗೆಯೇ ಉಳಿಸುವುದು ಒಂದು ದಾರಿ. ಮರುಪಲ್ಲವಿ ಉಳಿಸಿ ಲಯವನ್ನು ಓಡಿಸುವುದು ಇನ್ನೊಂದು. ಇದನ್ನು ಕೇಳುವ, ಆರಿಸಿಕೊಳ್ಳುವ ಹಕ್ಕು ಪ್ರತಿ ಬೆಳಿಗ್ಗೆ ಅದನ್ನು ಹಾಡುವ ಶಾಲೆಯ ಮೇಷ್ಟರಿಗೂ ಮಕ್ಕಳಿಗೂ ಇತ್ತು. ಆದರೆ ಆ ಆಯ್ಕೆಯನ್ನು ಹೇಳಲು ಬೇಕಾದ ಐದಾರು ಪದಗಳು ಅವರ ಜೇಬಿನಲ್ಲಿ ಇರಲಿಲ್ಲ. ಹೀಗಾಗಿ ಆರೂವರೆ ಕೋಟಿ ಜನರ ಹಾಡಿನ ಮಾತು ಸಮಿತಿಯ ಮೇಜಿಗೆ ಹೋಯಿತು, ಅಲ್ಲಿಂದ ಕೋರ್ಟಿನ ಕಟಕಟೆಗೆ ಹೋಯಿತು.

ಸಂಗೀತದ ಮೂಲ ಪಾರಿಭಾಷಿಕ ಪದಗಳು ಪಂಡಿತರ ಆಭರಣವೆಂದು ನಂಬಿಸಲಾಗಿದೆ. ಅವು ಆಭರಣವಲ್ಲ, ಅಕ್ಕಿ ಅಳೆಯುವ ಸೇರು ಪಾವಿನಂಥವು ಎಂಬುದು ನಮ್ಮ ವಾದ. ಅಳತೆಯ ಹೆಸರು ಗೊತ್ತಿಲ್ಲದವನು ಅಂಗಡಿಯವನು ಕೊಟ್ಟಷ್ಟನ್ನು ತರುತ್ತಾನೆ.

ಇದಕ್ಕೆ ತಕ್ಷಣ ಬರುವ ಆಕ್ಷೇಪ ನಮಗೆ ಗೊತ್ತು. ‘ಹಾಡು ಎದೆಯಿಂದ ಬರಬೇಕು, ಪದಕೋಶದಿಂದಲ್ಲ. ಹೆಸರು ಕಲಿತರೆ ರಸ ಆರಿಹೋಗುತ್ತದೆ.’ ಕೇಳಲು ಬಹಳ ಸೊಗಸಾದ ಮಾತು. ಆದರೆ ಇದೇ ಮಾತನ್ನು ಕ್ರಿಕೆಟ್ಟಿನ ಬಗ್ಗೆ ಯಾರಾದರೂ ಹೇಳಿದ್ದಾರೆಯೇ? ಶಾಲೆ ಬಿಟ್ಟ ಹುಡುಗನಿಗೂ ಗೂಗ್ಲಿ ಯಾವುದು, ಯಾರ್ಕರ್ ಯಾವುದು, ಎಲ್‌ಬಿಡಬ್ಲ್ಯೂ ಕೊಡಬೇಕಾದರೆ ಚೆಂಡು ಎಲ್ಲಿ ಬೀಳಬೇಕು ಎಂಬುದು ಕರಾರುವಾಕ್ಕಾಗಿ ಗೊತ್ತು. ಹೆಸರು ಕಲಿತದ್ದರಿಂದ ಅವನ ಆನಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಬದಲಿಗೆ ಅವನು ಅಂಪೈರನ ಜೊತೆ ಜಗಳವಾಡುವ ಅರ್ಹತೆ ಪಡೆದಿದ್ದಾನೆ. ಅದೇ ಹುಡುಗ ದಿನಕ್ಕೆ ನಾಲ್ಕು ತಾಸು ಹಾಡು ಕೇಳುತ್ತಾನೆ. ಎರಡು ಸಾಲಿನ ನಡುವೆ ಬರುವ ವಾದ್ಯದ ತುಣುಕಿಗೆ ‘ಬಿಜಿಎಂ’ ಎನ್ನುತ್ತಾನೆ, ಉಳಿದದ್ದಕ್ಕೆಲ್ಲ ‘ಬೀಟ್’ ಎನ್ನುತ್ತಾನೆ. ತಾಳವೂ ಬೀಟು, ಲಯವೂ ಬೀಟು, ಮಾತ್ರೆಯೂ ಬೀಟು, ಡೋಲಿನ ಪೆಟ್ಟೂ ಬೀಟು. ಟಿವಿಯ ಹಾಡಿನ ಸ್ಪರ್ಧೆಗಳಿಗೆ ಒಂದು ಕಾಲಕ್ಕೆ ಎಸ್ಸೆಮ್ಮೆಸ್ ಮೂಲಕ ಮತ ಹಾಕಿದ್ದ ಮನೆಮಂದಿಗೆ ತೀರ್ಪುಗಾರರ ಬಾಯಿಂದ ಕೇಳಿಸಿದ್ದೂ ಹೆಚ್ಚಾಗಿ ‘ಫೀಲ್ ಸಾಲದು’ ಎಂಬಂಥ ಮಾತುಗಳೇ. ಮತ ಕೇಳುವವರು ಮತದಾರನಿಗೆ ತಿಳಿವಳಿಕೆ ಕೊಡುವ ಗೋಜಿಗೆ ಹೋಗಲಿಲ್ಲ. ಅದೊಂದು ಥರದ ಪ್ರಜಾಪ್ರಭುತ್ವ!

ನಾವು ಕಲಿಯಬೇಕಾದ್ದು ಬೆಟ್ಟದಷ್ಟೇನಿಲ್ಲ. ಒಂದು ಸಂಜೆಯ ಕೆಲಸ. ಎಣಿಕೆಯ ಒಂದು ಘಟಕ ಮಾತ್ರೆ. ಮಾತ್ರೆಗಳು ಎಷ್ಟು ಬೇಗ ಅಥವಾ ನಿಧಾನ ಸಾಗುತ್ತವೆ ಎಂಬುದು ಲಯ. ವಿಲಂಬಿತ, ಮಧ್ಯ, ದ್ರುತ ಎಂದು ಅದಕ್ಕೆ ಮೂರು ಹೆಜ್ಜೆ. ಇಂತಿಷ್ಟು ಮಾತ್ರೆಗಳು ಒಂದು ಸುತ್ತು ಬಂದು ಮತ್ತೆ ಮೊದಲಿಗೆ ಸೇರುವ ಚಕ್ರ ತಾಳ. ಆ ಮೊದಲ ಮಾತ್ರೆ ಸಮ್. ತಬಲಾದವನು ಆ ಚಕ್ರವನ್ನು ತುಂಬಿಸುವ ಗೊತ್ತಾದ ಬೋಲುಗಳ ಸಾಲು ಠೇಕಾ. ಹದಿನಾರು ಮಾತ್ರೆಗಳ ತೀನ್‌ತಾಳದಲ್ಲಿ ನಾಲ್ಕು ನಾಲ್ಕರ ನಾಲ್ಕು ಭಾಗ. ಒಂದು, ಐದು, ಹದಿಮೂರನೆಯ ಮಾತ್ರೆಗೆ ಚಪ್ಪಾಳೆ, ಒಂಬತ್ತನೆಯದಕ್ಕೆ ಕೈಯನ್ನು ಬೀಸಿ ತೋರಿಸುವುದು. ಆ ಬೀಸುವ ಜಾಗದ ಹೆಸರು ಖಾಲಿ. ‘ಬಸ್ಸು ಖಾಲಿ’, ‘ಜೇಬು ಖಾಲಿ’ ಎನ್ನುವಾಗಿನ ಅದೇ ಖಾಲಿ. ಅಲ್ಲಿ ತಬಲಾಕಾರನ ಎಡಗೈಯ ಡಗ್ಗಾದ ಗುಂಗು ಸುಮ್ಮನಾಗುತ್ತದೆ. ‘ಧಾ ಧಿನ್ ಧಿನ್ ಧಾ’ ಎಂದು ಎರಡು ಸಲ ನುಡಿದದ್ದು ‘ಧಾ ತಿನ್ ತಿನ್ ತಾ’ ಎಂದು ತೆಳುವಾಗುತ್ತದೆ. ಹಾಡುವವನಿಗೆ ಸಮ್ ಇನ್ನು ಅರ್ಧ ದಾರಿ ಇದೆ ಎಂಬ ಸೂಚನೆ ಅದು. ಪೆಟ್ಟು ಹಾಕದೆಯೂ ಲೆಕ್ಕ ಇಡಬಹುದೆಂಬ ಈ ಉಪಾಯ ಗೊತ್ತಾದ ಮೇಲೆ ಕಚೇರಿಯಲ್ಲಿ ಕೂತವರ ಕಿವಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ಗದ್ದಲವೆನಿಸಿದ ತಬಲಾ ಆಮೇಲೆ ಗಡಿಯಾರದಂತೆ ಓದಲು ಬರುತ್ತದೆ.

ನಮ್ಮ ಮದುವೆ ಮನೆಗಳ ಕವ್ವಾಲಿ, ಸಿನಿಮಾ ಹಾಡು, ಭಜನೆ, ಭಾವಗೀತೆಗಳಲ್ಲಿ ಬಹುಪಾಲು ಎಂಟು ಮಾತ್ರೆಗಳ ಕೆಹರವಾದಲ್ಲೋ ಆರು ಮಾತ್ರೆಗಳ ದಾದ್ರಾದಲ್ಲೋ ನಡೆಯುತ್ತವೆ. ಎಂಟನ್ನು ನಾಲ್ಕು ನಾಲ್ಕಾಗಿ, ಆರನ್ನು ಮೂರು ಮೂರಾಗಿ ಎಣಿಸಿ ನೋಡಿದರೆ ಸಾಕು. ಹತ್ತು ಹಾಡು ಕೇಳುವಷ್ಟರಲ್ಲಿ ಯಾವುದು ಯಾವುದೆಂದು ಕೈಯೇ ಹೇಳುತ್ತದೆ. ತೊಡಕು ಬರುವುದು ಇನ್ನೊಂದು ಕಡೆ. ಎಷ್ಟೋ ಹಾಡುಗಳು ತಾಳದ ಮೊದಲ ಪೆಟ್ಟಿಗೆ ಶುರುವಾಗುವುದಿಲ್ಲ. ತಾಳ ಶುರುವಾಗಿ ಸ್ವಲ್ಪ ತಡೆದು ಹಾಡು ಎತ್ತಿದರೆ ಅದು ಅನಾಗತ. ತಾಳಕ್ಕಿಂತ ಮೊದಲೇ ಹಾಡು ಎತ್ತಿದರೆ ಅತೀತ. ಊರಿನ ಸಮಾರಂಭಗಳಲ್ಲಿ ಹಾಡುವವರಿಗೂ ಬಾರಿಸುವವರಿಗೂ ನಡೆಯುವ ಜಗಳದಲ್ಲಿ ಅರ್ಧದಷ್ಟು ಇದೇ ಜಾಗದಲ್ಲಿ ಹುಟ್ಟುತ್ತದೆ. ‘ನೀನು ತಪ್ಪಿದೆ’, ‘ನೀನೇ ತಪ್ಪಿದೆ’. ಇಬ್ಬರೂ ತಪ್ಪಿರುವುದಿಲ್ಲ. ಎತ್ತುಗಡೆ ಎಲ್ಲಿ ಎಂದು ಮೊದಲೇ ಮಾತಾಡಿಕೊಳ್ಳಲು ಒಂದು ಪದ ಇರಲಿಲ್ಲ, ಅಷ್ಟೆ.

ಇಷ್ಟು ಸರಳವಾದದ್ದು ಕಬ್ಬಿಣದ ಕಡಲೆಯಾದದ್ದು ಹೇಗೆ? ಕಲಿಸುವವರು ಹಾಗೆ ಮಾಡಿದ್ದರಿಂದ. ಸಂಗೀತದ ಜೂನಿಯರ್ ಪರೀಕ್ಷೆಗೆ ಓದುವ ಮಗು ಏಳು ತಾಳ, ಐದು ಜಾತಿ, ಗುಣಿಸಿದರೆ ಮೂವತ್ತೈದು ಎಂಬ ಕೋಷ್ಟಕವನ್ನು ಮಗ್ಗಿಯಂತೆ ಒಪ್ಪಿಸುತ್ತದೆ. ಪಕ್ಕದ ಮನೆಯ ರೇಡಿಯೋದಲ್ಲಿ ಬರುತ್ತಿರುವ ಹಾಡಿನ ತಾಳ ಯಾವುದೆಂದು ಕೇಳಿದರೆ ಕಣ್ಣು ಪಿಳಿಪಿಳಿ ಬಿಡುತ್ತದೆ. ಅದೇ ಮಗು ಕನ್ನಡದ ತರಗತಿಯಲ್ಲಿ ಲಘು ಎಂದರೆ ಒಂದು ಮಾತ್ರೆ ಎಂದು ಬರೆದು ಅಂಕ ತೆಗೆದುಕೊಳ್ಳುತ್ತದೆ. ಸಂಜೆ ಸಂಗೀತದ ಪಾಠದಲ್ಲಿ ಲಘು ಎಂದರೆ ಒಂದು ಪೆಟ್ಟು ಮತ್ತು ಬೆರಳೆಣಿಕೆ, ಜಾತಿಗೆ ತಕ್ಕಂತೆ ಮೂರರಿಂದ ಒಂಬತ್ತು ಅಕ್ಷರ ಎಂದು ಕಲಿಯುತ್ತದೆ. ಪದ ಒಂದೇ, ಬೆಲೆ ಬೇರೆ. ಇದನ್ನು ಆ ಮಗುವಿಗೆ ಬಿಡಿಸಿ ಹೇಳುವವರು ಯಾರು? ಕನ್ನಡ ಮೇಷ್ಟರಿಗೆ ಸಂಗೀತದ ಪಾಠ ತಮ್ಮದಲ್ಲ, ಸಂಗೀತದ ಮೇಷ್ಟರಿಗೆ ಛಂದಸ್ಸು ತಮ್ಮದಲ್ಲ.

ಈ ಛಂದಸ್ಸಿನ ಪಾಠದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕನ್ನಡ ಓದಿದ ಪ್ರತಿಯೊಬ್ಬರೂ ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದೇವೆ. ಅಕ್ಷರದ ತಲೆಯ ಮೇಲೆ ಬಟ್ಟಲಿನಂಥ ಗುರುತು ಲಘುವಿಗೆ, ಅಡ್ಡಗೆರೆ ಗುರುವಿಗೆ. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ಹದಿನಾಲ್ಕು ಮಾತ್ರೆ; ಮೂರು ಮತ್ತು ಆರನೆಯ ಸಾಲುಗಳಲ್ಲಿ ಮೂರು-ನಾಲ್ಕು ಮೂರು ಸಲ ಬಂದು ಮೇಲೊಂದು ಗುರು, ಒಟ್ಟು ಇಪ್ಪತ್ತಮೂರು. ಬರೆದೆವು, ಗೆರೆ ಎಳೆದೆವು, ಪಾಸಾದೆವು. ಆ ಮೂರು-ನಾಲ್ಕನ್ನು ಯಾರಾದರೂ ಚಪ್ಪಾಳೆ ಹಾಕಿ ತೋರಿಸಿದರೇ? ಮೂರು, ನಾಲ್ಕು ಸೇರಿ ಏಳು. ಕರ್ನಾಟಕ ಸಂಗೀತದ ಮಿಶ್ರಛಾಪು ಏಳು. ಹಿಂದೂಸ್ತಾನಿಯ ರೂಪಕ ಏಳು. ಮೂರು, ಎರಡು, ಎರಡು, ಅದರಲ್ಲೂ ವಿಚಿತ್ರವೆಂದರೆ ಅದು ಖಾಲಿಯಿಂದಲೇ ಆರಂಭವಾಗುತ್ತದೆ. ಯಕ್ಷಗಾನದ ತ್ರಿವುಡೆ ಏಳು. ಕುಮಾರವ್ಯಾಸನ ಭಾರತವನ್ನು ಓದುವ ಮಗುವಿನ ಪಠ್ಯಪುಸ್ತಕದಲ್ಲಿ ಇಷ್ಟು ಮೇಳಗಳ ಸದ್ದು ಅಡಗಿ ಕುಳಿತಿದೆ. ಲಲಿತ ರಗಳೆಯ ಐದು ಮಾತ್ರೆಯ ಗಣಗಳೂ ಹಾಗೆಯೇ, ಅವು ಖಂಡ ನಡೆಯವು. ನಾಗವರ್ಮನು ಹತ್ತನೆಯ ಶತಮಾನದಲ್ಲಿ ‘ಛಂದೋಂಬುಧಿ’ ಬರೆದದ್ದು ಪದ್ಯವನ್ನು ಕತ್ತರಿಸಿ ಲೆಕ್ಕ ಹಾಕಲೆಂದೇ? ಗೋವಿನ ಹಾಡನ್ನು ಎದೆಗೆ ಒತ್ತಿಕೊಂಡು ಬೆಳೆದ ನಾಡಿನಲ್ಲಿ ಛಂದಸ್ಸನ್ನು ಮೂಕ ಗಣಿತವಾಗಿಸಿದ್ದು ಸಣ್ಣ ಅಪರಾಧವಲ್ಲ. ಕಿವಿಯಿಂದ ಕಲಿಯಬೇಕಾದದ್ದನ್ನು ಕಣ್ಣಿಗೆ ಕೊಟ್ಟು ಕಿವಿಯನ್ನು ಹೊರಗೆ ಕಳಿಸಿದ್ದೇವೆ.

ಎಳೆಯ ಮಕ್ಕಳಿಗೆ ಕಾಲದ ಅಳತೆಯ ಪದಗಳು ಭಾರವಾಗುತ್ತವೆ ಎನ್ನುವವರು ಒಮ್ಮೆ ಯಾವುದಾದರೂ ಮದ್ರಸದ ಕಿಟಕಿಯ ಬಳಿ ನಿಲ್ಲಬೇಕು. ಏಳೆಂಟು ವರ್ಷದ ಮಕ್ಕಳು ತಜ್ವೀದ್ ಕಲಿಯುತ್ತಿರುತ್ತಾರೆ. ಕುರ್‌ಆನ್ ಪಾರಾಯಣ ಸಂಗೀತವಲ್ಲ, ಹಾಗೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಆದರೆ ಸ್ವರವನ್ನು ಎಲ್ಲಿ ಎಷ್ಟು ಎಳೆಯಬೇಕೆಂಬುದಕ್ಕೆ ಅಲ್ಲಿ ಹೆಸರಿದೆ, ಲೆಕ್ಕವಿದೆ. ಮದ್ದ್ ಎಂದರೆ ಎಳೆತ. ಸಹಜವಾದ ಮದ್ದ್‌ಗೆ ಎರಡು ಹರಕತ್, ಕೆಲವಕ್ಕೆ ನಾಲ್ಕೈದು, ಮದ್ದ್ ಲಾಝಿಮ್‌ಗೆ ಆರು. ಮೂಗಿನಲ್ಲಿ ಗುಂಯ್‌ಗುಡುವ ಗುನ್ನಕ್ಕೆ ಎರಡು. ಉಸ್ತಾದರು ಬೆರಳು ಮಡಚಿ ಬಿಡಿಸಿ ಅಳತೆ ತೋರಿಸುತ್ತಾರೆ. ಆ ಮಕ್ಕಳಿಗೆ ಅದು ಭಾರವಾಗುವುದಿಲ್ಲ. ಏಕೆಂದರೆ ಅದನ್ನು ಕಲಿಯಲೇಬೇಕಾದ ವಿದ್ಯೆಯೆಂದು ದೊಡ್ಡವರು ನಂಬಿದ್ದಾರೆ. ದೊಡ್ಡವರು ನಂಬದೇ ಇದ್ದುದನ್ನು ಮಕ್ಕಳು ಕಲಿಯುವುದಿಲ್ಲ.

ಹೆಸರುಗಳಿಗೆ ಇನ್ನೊಂದು ಇತಿಹಾಸವಿದೆ, ಅದು ಅಷ್ಟು ಮುಗ್ಧವಾದದ್ದಲ್ಲ. ವಿಷ್ಣು ನಾರಾಯಣ ಭಾತಖಂಡೆ (1860–1936) ಹಿಂದೂಸ್ತಾನಿ ಸಂಗೀತಕ್ಕೆ ಮಾಡಿದ ಉಪಕಾರ ಅಲ್ಪವಲ್ಲ. ಸಮ್‌ಗೆ ಗುಣಾಕಾರದ ಚಿಹ್ನೆ, ಖಾಲಿಗೆ ಸೊನ್ನೆ ಬರೆಯುವ ಇಂದಿನ ಸ್ವರಲಿಪಿ ಅವರದು. ಆದರೆ ಶಾಸ್ತ್ರವೆಂದರೆ ಗ್ರಂಥ ಎಂದು ಅವರು ನಂಬಿದ್ದರು. ಗ್ರಂಥ ಓದದ ಉಸ್ತಾದರ ಬಗ್ಗೆ ಅವರಿಗೆ ಅಸಹನೆಯಿತ್ತು. ವಿಪರ್ಯಾಸ ನೋಡಿ: ಅವರ ‘ಕ್ರಮಿಕ ಪುಸ್ತಕ ಮಾಲಿಕೆ’ಯಲ್ಲಿ ಅಚ್ಚಾದ ಎಷ್ಟೋ ಚೀಜುಗಳು ಅದೇ ಉಸ್ತಾದರ ಬಾಯಿಂದ ಕೇಳಿ ಬರೆದುಕೊಂಡವು. ಠೇಕಾ, ಖಾಲಿ, ಗತ್, ಕಾಯ್ದಾ, ಪೇಶ್ಕಾರ್, ಮುಖಡಾ: ತಬಲಾ ಮತ್ತು ಖಯಾಲ್‌ಗಳ ಈ ಪದಗಳು ಬಾರಿಸುತ್ತ, ಹಾಡುತ್ತ ಬದುಕಿದವರ ಮನೆಗಳಲ್ಲಿ ಬಳಕೆಯಲ್ಲಿದ್ದವು. ಕಾಯ್ದಾ ಎಂದರೆ ಕಾನೂನು, ಪೇಶ್ಕಾರ್ ಎಂದರೆ ಮುಂದಿಡುವಿಕೆ. ಇದು ಶಾಸ್ತ್ರವಲ್ಲದೆ ಇನ್ನೇನು? ನಮ್ಮ ಕುಂದಗೋಳದ ಸವಾಯಿ ಗಂಧರ್ವರಿಗೆ ವಿದ್ಯೆ ಕೊಟ್ಟ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872–1937) ಶ್ರುತಿಗಳ ಸೂಕ್ಷ್ಮವನ್ನು ವಿದ್ವಾಂಸರೆದುರು ಹಾಡಿ ತೋರಿಸಿದವರು, ಕರ್ನಾಟಕ ಸಂಗೀತದ ಸ್ವರಪ್ರಸ್ತಾರವನ್ನು ಕಿವಿಗೊಟ್ಟು ಕೇಳಿ ತಮ್ಮ ಖಯಾಲಿಗೆ ತಂದುಕೊಂಡವರು. ಅಂಥವರ ಪರಂಪರೆಯಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಬಂದರು. ಆದರೂ ‘ಉಸ್ತಾದರಿಗೆ ಹಾಡಲು ಬರುತ್ತಿತ್ತು, ಶಾಸ್ತ್ರ ಗೊತ್ತಿರಲಿಲ್ಲ’ ಎಂಬ ಮಾತು ಇಂದಿಗೂ ಭಾಷಣಗಳಲ್ಲಿ ಹಾಯಾಗಿ ಓಡಾಡುತ್ತದೆ. ಬಾಯಲ್ಲಿರುವುದನ್ನು ಅಜ್ಞಾನವೆಂದೂ ಅದೇ ಕಾಗದಕ್ಕೆ ಇಳಿದರೆ ಜ್ಞಾನವೆಂದೂ ಕರೆಯುವ ಈ ಅಭ್ಯಾಸದ ಹಿಂದೆ ಯಾವ ಜಾತಿ, ಯಾವ ವರ್ಗ ಇದೆ ಎಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಮಾತು ಜನಪದರಿಗೂ ಅನ್ವಯಿಸುತ್ತದೆ. ಅವರಿಗೆ ಶಾಸ್ತ್ರವಿಲ್ಲ, ‘ಸಹಜವಾಗಿ’ ಹಾಡುತ್ತಾರೆ ಎನ್ನುವುದು ಹೊಗಳಿಕೆಯ ವೇಷದ ತಿರಸ್ಕಾರ. ಉತ್ತರ ಕರ್ನಾಟಕದ ಲಾವಣಿಕಾರರನ್ನು ಕೇಳಿ ನೋಡಿ. ಹಾಡಿನ ಭಾಗಗಳಿಗೆ ಅವರಲ್ಲಿ ಪಲ್ಲ, ನುಡಿ, ಚಾಲ, ಏರು, ಇಳುವು, ಕೂಡುಪಲ್ಲ ಎಂಬ ಹೆಸರುಗಳಿವೆ. ಮತ್ತೆ ಮತ್ತೆ ಬರುವುದು ಪಲ್ಲ. ನಡೆ ಬದಲಾಗುವ ಜಾಗ ಚಾಲ. ದನಿ ಎಲ್ಲಿ ಮೇಲೆ ಹೋಗಬೇಕು, ಎಲ್ಲಿ ಕೆಳಗಿಳಿಯಬೇಕು ಎಂಬುದನ್ನು ಏರು, ಇಳುವು ಎಂಬ ಪದಗಳೇ ಹೇಳುತ್ತವೆ. ಹಾಡನ್ನು ತಿರುಗಿಸಿ ಪಲ್ಲಕ್ಕೆ ಕೂಡಿಸುವುದು ಕೂಡುಪಲ್ಲ. ಇಂಗ್ಲಿಷ್ ಹಾಡುಗಾರರು ಕೋರಸ್ಸಿಗೆ ಮೊದಲು ಬರುವ, ಅದರ ಕಡೆಗೆ ದಬ್ಬುವ ಸಾಲುಗಳಿಗೆ ಪ್ರೀ-ಕೋರಸ್ ಎನ್ನುತ್ತಾರೆ. ನಮ್ಮ ಹೊಸ ಹುಡುಗರು ಆ ಪದವನ್ನು ಫೋನಿನಲ್ಲಿ ನೋಡಿ ಕಲಿತು ಬೀಗುತ್ತಾರೆ. ಹೆಚ್ಚುಕಡಿಮೆ ಅದೇ ಕೆಲಸಕ್ಕೆ ಓದು ಬರಹ ಬಾರದ ಲಾವಣಿಕಾರನ ಬಾಯಲ್ಲಿ ಅಚ್ಚಗನ್ನಡದ ಪದವಿತ್ತು ಎಂಬುದು ಅವರಿಗೆ ಯಾರೂ ಹೇಳಿಲ್ಲ. ಕರಾವಳಿಯ ಯಕ್ಷಗಾನದ ಹಿಮ್ಮೇಳದಲ್ಲಿ ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ, ಆದಿ ಎಂಬ ತಾಳಗಳಿವೆ, ಬಿಡ್ತಿಗೆಯೂ ಮುಕ್ತಾಯವೂ ಇವೆ. ಬಯಲಲ್ಲಿ ಕೂತು ರಾತ್ರಿಯಿಡೀ ಆಟ ನೋಡುವ ಮುದುಕರಲ್ಲಿ ಎಷ್ಟೋ ಮಂದಿ ಭಾಗವತರ ತಾಳ ಎಲ್ಲಿ ಜಾರಿತೆಂದು ಹೇಳಬಲ್ಲರು.

ಅದೇ ಕರಾವಳಿಯ ಬ್ಯಾರಿ ಮನೆಗಳಲ್ಲಿ ಹಾಡಿಕೊಂಡು ಬಂದ, ಕೇರಳದ ಮಾಪ್ಪಿಳ್ಳೆ ಪಾಟ್ಟಿನ ನಂಟಿರುವ ಹಾಡುಗಳ ಲೋಕವನ್ನು ನೋಡಿ. ಮದುವೆಯ ಒಪ್ಪನೆ ಪಾಟು, ದಫ್‌ನೊಂದಿಗಿನ ಬೈತು ಇವೆಲ್ಲವನ್ನೂ ನಾವು ‘ನಮ್ಮ ಹಳೆಯ ಪದ್ಧತಿ’ ಎಂಬ ಒಂದೇ ಗೋಣಿಗೆ ತುಂಬುತ್ತೇವೆ. ಮಾಪ್ಪಿಳ್ಳೆ ಪಾಟ್ಟಿನಲ್ಲಿ ಇಶಲ್ ಎಂಬ ಪದವಿದೆ; ಧಾಟಿ ಮತ್ತು ಛಂದಸ್ಸು ಎರಡೂ ಸೇರಿದ ಅಚ್ಚು ಅದು. ಪ್ರಾಸದ ಕಟ್ಟುಪಾಡುಗಳಿಗೆ ಕಂಬಿ, ಕಳುತ್ತ್, ವಾಲ್‌ಕಂಬಿ, ವಾಲ್‌ತಲಕಂಬಿ ಎಂಬ ಹೆಸರುಗಳು. ವಾಲ್ ಎಂದರೆ ಬಾಲ, ತಲ ಎಂದರೆ ತಲೆ. ಒಂದು ಸಾಲಿನ ಬಾಲ ಮುಂದಿನ ಸಾಲಿನ ತಲೆಯನ್ನು ಹಿಡಿಯುವುದು ವಾಲ್‌ತಲಕಂಬಿ. ಮೊಯಿನ್‌ಕುಟ್ಟಿ ವೈದ್ಯರು 1872ರಲ್ಲಿ ‘ಬದರುಲ್ ಮುನೀರ್ ಹುಸ್ನುಲ್ ಜಮಾಲ್’ ಕಾವ್ಯ ಬರೆದಾಗ ಅವರಿಗೆ ಇಪ್ಪತ್ತು ವರ್ಷ. ಈ ಕಟ್ಟುಪಾಡುಗಳನ್ನು ಹೆಸರು ಹೆಸರಾಗಿ ಬಲ್ಲ ಪರಂಪರೆ ಇರದಿದ್ದರೆ ಇಪ್ಪತ್ತರ ತರುಣನಿಗೆ ಅಂಥ ಕಾವ್ಯ ಬರೆಯಲು ಆಗುತ್ತಿತ್ತೇ? ಇಂದು ಅದೇ ಇಶಲುಗಳನ್ನು ಕೀಬೋರ್ಡಿಗೆ ಕೂರಿಸಿ ಹಾಡುವವರಲ್ಲಿ ಎಷ್ಟು ಮಂದಿಗೆ ಆ ಪದ ಗೊತ್ತು? ಕೀಬೋರ್ಡಿನಲ್ಲಿ ಸಿದ್ಧವಾಗಿರುವ ಎಂಟರ ಗುಂಡಿಯನ್ನು ಒತ್ತಿದರೆ ಆಯಿತು. ಏಳರ ಹಾಡನ್ನು ಎಂಟಕ್ಕೆ ಎಳೆದು ಹಿಗ್ಗಿಸಿದ್ದನ್ನು ನಾವು ಎಷ್ಟೋ ಕಡೆ ಕೇಳಿದ್ದೇವೆ. ಒಂದು ಮಾತ್ರೆ ಎಲ್ಲಿಂದಲೋ ಬಂದು ಸೇರಿಕೊಂಡಿರುತ್ತದೆ, ಹಾಡಿನ ಕುಂಟು ನಡೆಯ ಚೆಲುವು ಹೋಗಿ ಪೆರೇಡಾಗಿರುತ್ತದೆ. ಹೋಯಿತೆಂದು ಹೇಳಲು ಮೊದಲು ಇತ್ತೆಂದು ಗೊತ್ತಿರಬೇಕಲ್ಲ.

ಇನ್ನು ಶಿಶುನಾಳ ಷರೀಫ ಸಾಹೇಬರನ್ನು (1819–1889) ಮುಂದಿಟ್ಟು ವಾದಿಸುವವರಿದ್ದಾರೆ. ‘ಷರೀಫರು ಯಾವ ಥಿಯರಿ ಓದಿದ್ದರು?’ ಎಂದು ಕೇಳುತ್ತಾರೆ. ಷರೀಫರು ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದವರು. ತತ್ವಪದ, ಲಾವಣಿ, ಮೊಹರಮ್ಮಿನ ರಿವಾಯತ್ ಪದ, ಇವೆಲ್ಲದರ ಕಟ್ಟು ಬೇರೆ ಬೇರೆ ಎಂದು ತಿಳಿದೇ ಬೇರೆ ಬೇರೆಯಾಗಿ ಕಟ್ಟಿದವರು. ಅವರು ಕಣ್ಣು ಮುಚ್ಚಿ ಬಾಯಿಗೆ ಬಂದದ್ದನ್ನು ಹಾಡಿದರು ಎನ್ನುವುದು ಭಕ್ತಿಯಲ್ಲ, ನಮ್ಮ ಸೋಮಾರಿತನ. ಅವರ ಪದಗಳ ಕೊನೆಯ ನುಡಿಯಲ್ಲಿ ‘ಶಿಶುನಾಳಧೀಶ’ ಎಂಬ ಅಂಕಿತ ಬರುತ್ತದೆ. ದಾಸರ ಕೀರ್ತನೆಯಲ್ಲೂ ಅಂಕಿತದ ಜಾಗ ಕೊನೆಯ ಚರಣವೇ. ಉರ್ದು ಗಜಲಿನ ಕೊನೆಯ ಶೇರ್ ಆದ ಮಕ್ತಾದಲ್ಲಿ ಕವಿಯ ತಖಲ್ಲುಸ್ ಕೂರುತ್ತದೆ. ಹದಿನೆಂಟನೆಯ ಶತಮಾನದ ನಿಯಾಮತ್ ಖಾನರ ಖಯಾಲ್‌ಗಳಲ್ಲಿ ‘ಸದಾರಂಗ್’ ಎಂಬ ಮುದ್ರೆಯನ್ನು ಹೆಚ್ಚಾಗಿ ಅಂತರಾದಲ್ಲಿ, ಅಂದರೆ ಎರಡನೆಯ ಭಾಗದಲ್ಲಿ ಕೇಳುತ್ತೇವೆ. ಹುಬ್ಬಳ್ಳಿಯ ಹತ್ತಿರದ ಒಂದು ಹಳ್ಳಿ, ವಿಜಯನಗರ ಕಾಲದ ಒಬ್ಬ ದಾಸ, ದಿಲ್ಲಿಯ ದರ್ಬಾರು. ಕವಿ ತನ್ನ ಹೆಸರನ್ನು ಇಡಲು ಹಾಡಿನೊಳಗೆ ಹುಡುಕಿಕೊಂಡ ಮೂಲೆ ಬಹುಮಟ್ಟಿಗೆ ಒಂದೇ. ಪಲ್ಲವಿ-ಚರಣ, ಪಲ್ಲ-ನುಡಿ, ಸ್ಥಾಯಿ-ಅಂತರಾ, ಮತ್ಲಾ-ಮಕ್ತಾ ಎಂಬ ಜೋಡಿಗಳನ್ನು ಪಕ್ಕಪಕ್ಕ ಇಟ್ಟು ನೋಡದವನಿಗೆ ಈ ಸಂಬಂಧ ಕಾಣುವುದೇ ಇಲ್ಲ. ಅವನಿಗೆ ಒಂದು ಹಿಂದೂ ಹಾಡು, ಇನ್ನೊಂದು ಮುಸ್ಲಿಂ ಹಾಡು, ಮತ್ತೊಂದು ಹಳ್ಳಿ ಹಾಡು ಮಾತ್ರ ಕಾಣುತ್ತದೆ. ಸೌಹಾರ್ದದ ಸಭೆಗಳಲ್ಲಿ ಷರೀಫರ ಹಾಡು ಹಾಡಿಸಿ ಹಾರ ಹಾಕಿ ಮನೆಗೆ ಹೋಗುವವರಿಗೆ ಈ ಕೆಲಸ ಬೇಸರ ತರಿಸಬಹುದು. ಆದರೆ ಹಾಡುಗಳ ಒಳಗಿನ ಎಲುಬಿನಲ್ಲಿ ಇರುವ ನಂಟಿನ ಪುರಾವೆ ಭಾಷಣದ ಪುರಾವೆಗಿಂತ ಗಟ್ಟಿಯಾದದ್ದು.

ಇಂಗ್ಲಿಷ್ ಪದಗಳನ್ನು ಕಂಡರೆ ನಮಗೆ ಅಲರ್ಜಿಯಿಲ್ಲ. ಟೆಂಪೊ ಎಂದರೂ ಲಯ ಎಂದರೂ ಕೆಲಸ ನಡೆದರೆ ಸಾಕು. ಆದರೆ ಪದವನ್ನು ತರುವಾಗ ಅದರ ಅರ್ಥವನ್ನೂ ತರಬೇಕು. ‘ಕೋರಸ್’ ನಮ್ಮಲ್ಲಿ ಹಿಂದೆ ನಿಂತು ಹಾಡುವ ಹುಡುಗಿಯರ ಗುಂಪು. ಪಾಶ್ಚಾತ್ಯ ಹಾಡಿನಲ್ಲಿ ಅದು ಮರಳಿ ಮರಳಿ ಬರುವ ಭಾಗದ ಹೆಸರು. ಅದನ್ನು ಪಲ್ಲವಿ ಎಂದು ಅನುವಾದಿಸಿ ಸುಮ್ಮನಾಗುವಂತೆಯೂ ಇಲ್ಲ. ನಮ್ಮ ಪಲ್ಲವಿ ಬಾಗಿಲಲ್ಲೇ ಎದುರಾಗುತ್ತದೆ, ಹಾಡು ಅದರಿಂದಲೇ ಶುರು. ಅವರಲ್ಲಿ ಸಾಮಾನ್ಯವಾಗಿ ವರ್ಸ್ ಮೊದಲು, ಕೋರಸ್ ಆಮೇಲೆ. ಕೇಳುಗನನ್ನು ಕಾಯಿಸಿ ಕೊಡುತ್ತಾರೆ. ಕನ್ನಡ ಸಿನಿಮಾ ಹಾಡುಗಳಲ್ಲಿ ಈಗ ಈ ಎರಡನೆಯ ಕಟ್ಟಡವೂ ಬರುತ್ತಿದೆ. ‘ಈಗಿನ ಹಾಡು ನೆನಪಲ್ಲಿ ಉಳಿಯೋದಿಲ್ಲ’ ಎಂದು ಗೊಣಗುವ ಹಿರಿಯರು ಗಾಯಕನನ್ನೋ ಸಾಹಿತ್ಯವನ್ನೋ ಬೈಯುತ್ತಾರೆ. ಮೊದಲ ಸಾಲೇ ಪಲ್ಲವಿ ಎಂದು ಕಾದು ಕೂತ ಅವರ ಕಿವಿಗೆ ಪಲ್ಲವಿ ಒಂದು ನಿಮಿಷ ತಡವಾಗಿ ಸಿಕ್ಕಿದ್ದೂ ಒಂದು ಕಾರಣವಿರಬಹುದು.

ಹೆಸರಿಲ್ಲದಿರುವುದರ ಬೆಲೆಯನ್ನು ಬಡವರೇ ಹೆಚ್ಚು ತೆತ್ತಿದ್ದಾರೆ. ಕ್ಯಾಸೆಟ್ಟಿನ ಕಾಲದಿಂದಲೂ ‘ಸಾಹಿತ್ಯ: ಜಾನಪದ’, ‘ಸಂಗೀತ: ಸಾಂಪ್ರದಾಯಿಕ’ ಎಂಬ ಎರಡು ಸಾಲಿನ ಕೆಳಗೆ ಎಷ್ಟು ಜನರ ಬದುಕು ಹೂತುಹೋಗಿದೆಯೋ. ಪಲ್ಲ ಹಳ್ಳಿಯದು, ಚಾಲ ಇಂಥವನು ಕಟ್ಟಿದ್ದು, ನಡುವಿನ ವಾದ್ಯದ ತುಣುಕು ಮಾತ್ರ ಸ್ಟುಡಿಯೋದಲ್ಲಿ ಸೇರಿದ್ದು ಎಂದು ಬಿಡಿಸಿ ಹೇಳಬಲ್ಲ ಕಲಾವಿದನಿಗೆ ‘ಇದರಲ್ಲಿ ನಿನ್ನದೇನಿದೆ’ ಎಂದು ಕೇಳುವುದು ಅಷ್ಟು ಸುಲಭವಲ್ಲ. ‘ಎಲ್ಲಾ ನಮ್ಮದೇ ಸ್ವಾಮಿ’ ಎಂದಷ್ಟೇ ಹೇಳಬಲ್ಲವನಿಗೆ ಊಟ ಹಾಕಿಸಿ, ಬಸ್‌ಚಾರ್ಜು ಕೊಟ್ಟು ಕಳಿಸುತ್ತಾರೆ. ಹಾಡುಗಾರನ ಬಳಿ ಪದಗಳಿದ್ದರೂ ಎದುರು ಕೂತವನಿಗೆ ಆ ಪದಗಳು ಗೊತ್ತಿಲ್ಲದಿದ್ದರೆ ಫಲ ಅದೇ. ಆದ್ದರಿಂದಲೇ ಕಲಿಯಬೇಕಾದವರು ಹಾಡುವವರಿಗಿಂತ ಮೊದಲು ಕೇಳುವವರು, ಪತ್ರಿಕೆಯಲ್ಲಿ ಬರೆಯುವವರು, ಕಾರ್ಯಕ್ರಮ ಏರ್ಪಡಿಸುವವರು. ನಮ್ಮ ಪತ್ರಿಕೆಗಳ ಸಂಗೀತ ವಿಮರ್ಶೆಗಳನ್ನು ತೆರೆದು ನೋಡಿ: ‘ಪ್ರೇಕ್ಷಕರನ್ನು ಮಂತ್ರಮುಗ್ಧಗೊಳಿಸಿದರು’ ಎಂಬ ಒಂದು ವಾಕ್ಯ ಸಾವಿರ ಸಲ ಅಚ್ಚಾಗಿದೆ. ಯಾವ ತಾಳದಲ್ಲಿ, ಎಲ್ಲಿ ಎತ್ತಿ, ಎಲ್ಲಿ ಬಿಟ್ಟು ಮುಗ್ಧಗೊಳಿಸಿದರು ಎಂಬುದು ಬಂದದ್ದು ಕಡಿಮೆ.

ಸರ್ಕಾರವನ್ನು ಕೇಳುವುದಾದರೆ ನಾವು ಹೊಸ ಅಕಾಡೆಮಿ ಕೇಳುವುದಿಲ್ಲ, ಪ್ರಶಸ್ತಿಯನ್ನೂ ಕೇಳುವುದಿಲ್ಲ. ಹೈಸ್ಕೂಲಿನ ಕನ್ನಡ ಪುಸ್ತಕದಲ್ಲಿ ಷಟ್ಪದಿಯ ಪಾಠ ಬರುವ ಪುಟವಿದೆಯಲ್ಲ, ಅಲ್ಲಿ ಪ್ರಸ್ತಾರದ ಕೆಳಗೆ ಇನ್ನೂ ನಾಲ್ಕು ಸಾಲು ಸೇರಿಸಿದರೆ ಸಾಕು. ಮೂರು-ನಾಲ್ಕನ್ನು ಚಪ್ಪಾಳೆಯಲ್ಲಿ ಹಾಕಿ ತೋರಿಸಿ. ಇದಕ್ಕೆ ಯಕ್ಷಗಾನದವರು ಏನೆನ್ನುತ್ತಾರೆ, ತಬಲಾದವರು ಏನೆನ್ನುತ್ತಾರೆ, ಮೃದಂಗದವರು ಏನೆನ್ನುತ್ತಾರೆ ಎಂದು ಮೂರು ಹೆಸರು ಬರೆಯಿಸಿ. ಲಘು ಎಂಬ ಪದಕ್ಕೆ ಎರಡು ಲೋಕಗಳಲ್ಲಿ ಎರಡು ಬೆಲೆ ಇದೆಯೆಂದು ಒಂದು ಮಾತು ಹೇಳಿ. ಆಮೇಲೆ ತರಗತಿಯ ಮಕ್ಕಳು ತಮ್ಮ ಮನೆಯಲ್ಲಿ ಅಜ್ಜಿ ಹಾಡುವ ಒಂದು ಹಾಡನ್ನು ತಂದು ಅದು ಎಷ್ಟರದು, ಅದರ ಪಲ್ಲ ಎಲ್ಲಿ, ನುಡಿ ಎಲ್ಲಿ ಎಂದು ಎಣಿಸಲಿ. ಸೋಬಾನೆಯಾದರೂ ಆದೀತು, ಒಪ್ಪನೆ ಪಾಟಾದರೂ ಆದೀತು. ಮೇಷ್ಟರಿಗೆ ತಾಳ ಬಾರದಿದ್ದರೆ ಊರಿನಲ್ಲಿ ತಮಟೆಯವನೋ ದಫ್‌ನವನೋ ಇರುತ್ತಾನೆ. ಅವನನ್ನು ಒಂದು ದಿನ ಶಾಲೆಯೊಳಗೆ ಕರೆದು, ಮೇಷ್ಟರ ಕುರ್ಚಿಯಲ್ಲಿ ಕೂರಿಸಿ, ಅವನು ಬಾರಿಸುವ ಪೆಟ್ಟುಗಳಿಗೆ ಅವನು ಇಟ್ಟುಕೊಂಡಿರುವ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆದುಕೊಳ್ಳಬೇಕು.